ಇಲಿ ತಿಂದ ಬೆಕ್ಕು ನಿನ್ನೆಯಿಂದ ಮಂಕಾಗಿದೆ, ಏನು ಮಾಡಲಿ?

ಬಿಳಿಜೋಳ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮನೆಯಲ್ಲಿ ಮೂರು ವರ್ಷದ ಹೆಣ್ಣು ಬೆಕ್ಕಿದೆ. ಹೆಸರು ಪುಟ್ಟಿ. ಜೋಳದ ರಾಶಿ ಮುಗಿಸಿ ಚೀಲಗಳನ್ನು ಹಿಂದಿನ ಕೋಣೆಯಲ್ಲಿ ಒಟ್ಟಿದ ಮೇಲೆ ಇಲಿಗಳ ಕಾಟ ಶುರುವಾಯಿತು. ಪುಟ್ಟಿಗೆ ಅದೇ ಸುಗ್ಗಿ. ದಿನಕ್ಕೊಂದು ಹಿಡಿಯುತ್ತಾಳೆ. ಪೂರ್ತಿ ತಿಂದು ತಲೆಯನ್ನು ಮಾತ್ರ ದೇವರ ಕೋಣೆಯ ಹೊಸ್ತಿಲಲ್ಲಿ ತಂದಿಡುತ್ತಾಳೆ. ಇದಕ್ಕಾಗಿ ಅತ್ತೆಗೂ ಅವಳಿಗೂ ದಿನಾ ಬೆಳಿಗ್ಗೆ ಜಗಳ.

ನಿನ್ನೆಯಿಂದ ಮಂಚದ ಕೆಳಗೆ ಕೂತವಳು ಎದ್ದಿಲ್ಲ. ಹಾಲು ಮುಟ್ಟಿಲ್ಲ. ಬಾಯಿ ಬಿಡಿಸಿ ನೋಡಿದೆ, ವಸಡು ಬೆಳ್ಳಗಾಗಿದೆ. ಉಸಿರಾಟವೂ ಸ್ವಲ್ಪ ಜೋರು. ಬೆಳಿಗ್ಗೆ ನಲ್ಲಿ ನೀರು ಹಿಡಿಯುವಾಗ ಪಕ್ಕದವರು ಸುಮ್ನೆ ಮಾತಿಗೆ ಮಾತು ಬಂದು ಹೇಳಿದರು: ಅವರ ಗೋದಾಮಿನಲ್ಲಿ ವಾರದ ಹಿಂದೆ ಇಲಿ ಕೇಕ್ ಇಟ್ಟಿದ್ದಾರಂತೆ. ಪುಟ್ಟಿ ಕೇಕ್ ಮುಟ್ಟುವವಳಲ್ಲ. ಆದರೆ ಕೇಕ್ ತಿಂದ ಇಲಿಯನ್ನು ತಿಂದರೆ ಬೆಕ್ಕಿಗೂ ವಿಷ ಆಗುತ್ತದೆಯೇ? ಅತ್ತೆ ಮಜ್ಜಿಗೆ ಕುಡಿಸು ಅನ್ನುತ್ತಿದ್ದಾರೆ.

ಹಗೇವು ಕಾಕಾ, ಸಿಂದಗಿ ತಾಲ್ಲೂಕು

ತಂಗೀ, ಹೆದರಬೇಡ. ಬೆಕ್ಕು ಇಲಿ ತಿನ್ನದೆ ಇನ್ನೇನು ತಿನ್ನಬೇಕು? ನೆಲದೊಳಗೆ ಕಾಳು ತುಂಬಿಡುವ ನಮ್ಮ ಹಗೇವಿನ ಸುತ್ತ ನಾಲ್ಕು ಬೆಕ್ಕು ಇದ್ದವು. ಒಂದಕ್ಕೂ ಏನೂ ಆಗಲಿಲ್ಲ. ಬಿಸಿಲು ಜಾಸ್ತಿ ಆಗಿದೆ, ಅದಕ್ಕೇ ಮಲಗಿರಬೇಕು. ಎರಡು ದಿನ ಬಿಡು, ತಾನೇ ಎದ್ದು ಓಡಾಡುತ್ತದೆ.

ದನದ ದವಾಖಾನೆ, ನಿವೃತ್ತ, ಬಾಗಲಕೋಟೆ

ಬೇಡ ತಾಯಿ. ಎರಡು ದಿನ ಬಿಡಬೇಡಿ, ಎರಡು ತಾಸೂ ಬಿಡಬೇಡಿ. ವಸಡು ಬಿಳಿ ಆಗಿದೆ, ಉಸಿರು ಜೋರಾಗಿದೆ ಅಂದರೆ ಒಳಗೆ ಎಲ್ಲೋ ರಕ್ತ ಸೋರುತ್ತಿರಬಹುದು. ಈಗಲೇ ಬೆಕ್ಕನ್ನು ರಟ್ಟಿನ ಡಬ್ಬಿಯಲ್ಲೋ ಬುಟ್ಟಿಯಲ್ಲೋ ಇಟ್ಟು ಪಶು ಆಸ್ಪತ್ರೆಗೆ ಹೊರಡಿ. ಕುತ್ತಿಗೆಯ ಚರ್ಮ ಹಿಡಿದು ಎತ್ತಬೇಡಿ, ಎಲ್ಲಿ ಒತ್ತಿದರೂ ಅಲ್ಲಿ ರಕ್ತ ಕಟ್ಟುತ್ತದೆ. ಹೋಗುವ ಮುಂಚೆ ಪಕ್ಕದವರ ಹತ್ತಿರ ಕೇಕಿನ ಪೊಟ್ಟಣ ಇಸಿದುಕೊಳ್ಳಿ. ಬರೀ ಫೋಟೋ ಆದರೂ ನಡೆಯುತ್ತದೆ. ಡಾಕ್ಟರಿಗೆ ಅದರ ಮೇಲಿನ ಹೆಸರು ಮುಖ್ಯ. ಮಜ್ಜಿಗೆ, ಹಾಲು, ಉಪ್ಪು ನೀರು, ನಿಂಬೆ ಹುಳಿ ಯಾವುದೂ ಬೇಡ. ಹಿಂದೆ ಮುಂದೆ ಆಮೇಲೆ ಬರೆಯುತ್ತೇನೆ, ನೀವು ಮೊದಲು ಹೊರಡಿ.

ಬಿಳಿಜೋಳ, ವಿಜಯಪುರ

ಪೊಟ್ಟಣ ಸಿಕ್ಕಿತು. ಬ್ರೊಮಾಡಿಯೊಲೋನ್ 0.005 ಅಂತ ಇದೆ. ಆಟೋದಲ್ಲಿ ಇದ್ದೇನೆ.

ಗೊಬ್ಬರದಂಗಡಿ, ಜಮಖಂಡಿ

ಅಕ್ಕಾರೆ, ಸದ್ಯ, ಅದೇ ಆಗಿದ್ದು ಒಳ್ಳೆಯದಾಯಿತು. ಯಾಕೆ ಅಂತ ಹೇಳುತ್ತೇನೆ. ನಾನು ಇವನ್ನೆಲ್ಲ ಮಾರುವವನೇ.

ನಮ್ಮ ಕಡೆ ಜನ ತೆಗೆದುಕೊಂಡು ಹೋಗುವುದು ಮೂರು ಥರ. ಒಂದು, ಹೊಲಕ್ಕೆ ಹಾಕುವ ಕಪ್ಪು ಪುಡಿ. ರೈತರು ಇಲಿ ಪಾಷಾಣ ಅನ್ನುತ್ತಾರೆ, ಅಸಲು ಹೆಸರು ಜಿಂಕ್ ಫಾಸ್ಫೈಡ್. 96 ಭಾಗ ಕಾಳಿನ ನುಚ್ಚು, 2 ಭಾಗ ಎಣ್ಣೆ, 2 ಭಾಗ ಪುಡಿ ಕಲಸಿ ಬಿಲದಲ್ಲಿ ಇಡುತ್ತಾರೆ. ಇಲಿ ಬಹಳ ಸಂಶಯದ ಪ್ರಾಣಿ. ಅದಕ್ಕೇ ಮೊದಲು ಎರಡು ಮೂರು ದಿನ ವಿಷ ಇಲ್ಲದ ನುಚ್ಚು ಇಟ್ಟು ರೂಢಿ ಮಾಡಿಸಬೇಕು. ಇದು ಹೊಟ್ಟೆಯ ಹುಳಿಗೆ ಸೇರಿದ ಕೂಡಲೇ ಫಾಸ್ಫೀನ್ ಅನಿಲ ಆಗುತ್ತದೆ. ತಾಸುಗಳಲ್ಲೇ ಕೆಲಸ ಮುಗಿಸುತ್ತದೆ. ಇದಕ್ಕೆ ಮದ್ದೇ ಇಲ್ಲ.

ಎರಡನೆಯದು ಟ್ಯೂಬಿನ ಪೇಸ್ಟ್. ಅದರಲ್ಲಿ ಹಳದಿ ರಂಜಕ, ಅಂದರೆ ಫಾಸ್ಫರಸ್ ಇರುತ್ತದೆ. ಅದಕ್ಕೂ ಮದ್ದಿಲ್ಲ. ಮನುಷ್ಯರನ್ನೇ ಎಷ್ಟೋ ಜನರನ್ನು ತಿಂದು ಹಾಕಿದೆ. ನಾನು ಇಡುವುದನ್ನೇ ಬಿಟ್ಟೆ.

ಮೂರನೆಯದೇ ನಿಮ್ಮ ಪಕ್ಕದವರು ಇಟ್ಟ ಕೇಕ್. ನಿಧಾನದ ವಿಷ. ಮೂರರಲ್ಲಿ ಇದೊಂದಕ್ಕೇ ಮದ್ದು ಇರುವುದು.

ದನದ ದವಾಖಾನೆ, ನಿವೃತ್ತ, ಬಾಗಲಕೋಟೆ

ಅಂಗಡಿಯವರು ಸರಿಯಾಗಿ ಹೇಳಿದರು. ನಾನು ಬೆಕ್ಕಿನ ಕಡೆಯಿಂದ ಹೇಳುತ್ತೇನೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಸರಕನ್ನು ಯಕೃತ್ತು ತಯಾರು ಮಾಡುತ್ತದೆ. ಅದಕ್ಕೆ ವಿಟಮಿನ್ ಕೆ ಬೇಕು. ಬ್ರೊಮಾಡಿಯೊಲೋನ್ ಈ ವಿಟಮಿನ್ನನ್ನು ಮತ್ತೆ ಮತ್ತೆ ಬಳಸುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಆದರೆ ಆಗಲೇ ರಕ್ತದಲ್ಲಿ ಇರುವ ದಾಸ್ತಾನು ಒಂದೆರಡು ದಿನ ನಡೆಸಿಕೊಂಡು ಹೋಗುತ್ತದೆ. ಅದಕ್ಕೇ ತಿಂದ ದಿನ ಏನೂ ಕಾಣುವುದಿಲ್ಲ. ಮೂರನೇ ದಿನವೋ ಐದನೇ ದಿನವೋ ದಾಸ್ತಾನು ಖಾಲಿ ಆಗುತ್ತದೆ. ಆಗ ಎದೆಯಲ್ಲಿ, ಹೊಟ್ಟೆಯಲ್ಲಿ, ಕೀಲುಗಳಲ್ಲಿ ರಕ್ತ ಸೋರಲು ಶುರು. ಹೊರಗೆ ಒಂದು ಹನಿಯೂ ಕಾಣದೆ ಹೋಗಬಹುದು. ಬೆಕ್ಕು ಮೂಲೆ ಹಿಡಿದು ಕೂರುತ್ತದೆ, ಅಷ್ಟೇ. ಕಾಕಾ ಅವರೇ, ನೀವು ಬಿಸಿಲು ಅಂದದ್ದು ಇದನ್ನೇ.

ಇನ್ನೊಂದು ಇದೆ. ಕೇಕ್ ತಿಂದ ಇಲಿಯೂ ಕೂಡಲೇ ಸಾಯುವುದಿಲ್ಲ. ನಾಲ್ಕೈದು ದಿನ ಬದುಕಿರುತ್ತದೆ, ಆ ದಿನಗಳಲ್ಲೂ ಕೇಕ್ ತಿನ್ನುತ್ತಲೇ ಇರುತ್ತದೆ. ಕೊನೆಗೆ ನಿತ್ರಾಣವಾಗಿ ಹಾಡುಹಗಲೇ ಅಂಗಳದಲ್ಲಿ ತೂರಾಡುತ್ತದೆ. ಬೆಕ್ಕಿಗೆ ಸಲೀಸಾಗಿ ಸಿಗುವುದು ಅಂಥದ್ದೇ. ಮೈ ತುಂಬ ವಿಷ ತುಂಬಿಕೊಂಡದ್ದೇ ಮೊದಲು ಬಾಯಿಗೆ ಬರುತ್ತದೆ.

ಒಂದು ಇಲಿ ತಿಂದ ಮಾತ್ರಕ್ಕೆ ಸಾಮಾನ್ಯವಾಗಿ ಬೆಕ್ಕು ಸಾಯುವುದಿಲ್ಲ, ಇದನ್ನೂ ಹೇಳಬೇಕು. ನಾಯಿಗಿಂತ ಬೆಕ್ಕು ಈ ವಿಷವನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಆದರೆ ಪುಟ್ಟಿಯ ಹಾಗೆ ದಿನಕ್ಕೊಂದು ತಿಂದರೆ ಯಕೃತ್ತಿನಲ್ಲಿ ಜಮೆ ಆಗುತ್ತಾ ಹೋಗುತ್ತದೆ.

ಹಗೇವು ಕಾಕಾ, ಸಿಂದಗಿ ತಾಲ್ಲೂಕು

ಒಪ್ಪಿದೆ. ನಮ್ಮ ಕಾಲದಲ್ಲಿ ಕೇಕ್ ಇರಲಿಲ್ಲ, ಬೋನು ಇತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಿದ್ದೆವು. ಈಗ ಇಬ್ಬರಿಗೂ ಪ್ರಾಣಸಂಕಟ ಅನ್ನಿ.

ಮೂರನೇ ಗೇಟ್, ಬೆಳಗಾವಿ

ಕಪ್ಪು ಪುಡಿ ತಿಂದ ಇಲಿಯನ್ನು ಬೆಕ್ಕು ತಿಂದರೆ?

ದನದ ದವಾಖಾನೆ, ನಿವೃತ್ತ, ಬಾಗಲಕೋಟೆ

ಅದು ಮಾಂಸದಲ್ಲಿ ಹೆಚ್ಚು ಉಳಿಯುವುದಿಲ್ಲ. ಇಲಿಯ ಹೊಟ್ಟೆಯಲ್ಲಿ ಕರಗದೆ ಉಳಿದ ನುಚ್ಚು ಬೆಕ್ಕಿನ ಹೊಟ್ಟೆಗೆ ಹೋದರೆ ಅಪಾಯ. ಅಂಥ ಸಂಶಯ ಇದ್ದರೆ ಏನನ್ನೂ ತಿನ್ನಿಸಬೇಡಿ. ತಿಂದಷ್ಟೂ ಹೊಟ್ಟೆಯಲ್ಲಿ ಹುಳಿ ಜಾಸ್ತಿ, ಹುಳಿ ಜಾಸ್ತಿ ಆದಷ್ಟೂ ಅನಿಲ ಜಾಸ್ತಿ. ಬೆಕ್ಕು ವಾಂತಿ ಮಾಡಿದರೆ ಕಿಟಕಿ ಬಾಗಿಲು ತೆರೆಯಿರಿ, ಬಗ್ಗಿ ಮೂಸಿ ನೋಡಬೇಡಿ. ಆ ಗಾಳಿ ಮನುಷ್ಯರಿಗೂ ಒಳ್ಳೆಯದಲ್ಲ. ಬೆಳ್ಳುಳ್ಳಿಯಂಥ, ಕೊಳೆತ ಮೀನಿನಂಥ ವಾಸನೆ ಬಂದರೆ ಇದೇ ಅಂತ ತಿಳಿಯಿರಿ.

ಬಿಳಿಜೋಳ, ವಿಜಯಪುರ

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ ಇಟ್ಟರು. ಎಷ್ಟು ಹೊತ್ತಾದರೂ ಹೆಪ್ಪುಗಟ್ಟಲಿಲ್ಲ, ನೀರಿನ ಹಾಗೆಯೇ ಇತ್ತು. ನೋಡಿ ನನ್ನ ಕೈಕಾಲು ತಣ್ಣಗಾದವು. ವಿಟಮಿನ್ ಕೆ1 ಸೂಜಿ ಕೊಟ್ಟಿದ್ದಾರೆ. ರಾತ್ರಿ ಇಲ್ಲೇ ಇಟ್ಟುಕೊಳ್ಳುತ್ತಾರಂತೆ. ಬೆಳಗಿನವರೆಗೆ ಏನೂ ಹೇಳಲು ಆಗದು ಅಂದರು.

ನವನಗರದವ, ಬಾಗಲಕೋಟೆ

ಅಕ್ಕಾ, ಪುಟ್ಟಿ ಉಳಿಯಲಿ. ಇಲ್ಲಿ ನನ್ನದೂ ಒಂದು ಹೇಳಿಬಿಡುತ್ತೇನೆ. ಯಾರಿಗಾದರೂ ಉಪಯೋಗ ಆಗಬಹುದು. ನಿಜ ಹೇಳಬೇಕೆಂದರೆ ಇದನ್ನು ಬರೆಯಲು ಎರಡು ವರ್ಷ ಹಿಡಿಯಿತು.

ನಮ್ಮದು ಗಂಡು ಬೆಕ್ಕು, ಧೈರ್ಯದ್ದು. ಸಣ್ಣ ಇಲಿ ಬಿಟ್ಟು ಹೆಗ್ಗಣಕ್ಕೇ ಕೈ ಹಾಕುತ್ತಿತ್ತು. ದೊಡ್ಡ ಹೆಗ್ಗಣ ಅಂದರೆ ಗೊತ್ತಲ್ಲ, ಒಂದು ಕಿಲೋವರೆಗೂ ತೂಗುತ್ತದೆ. ಎಷ್ಟೋ ಬೆಕ್ಕುಗಳು ಅದರ ತಂಟೆಗೇ ಹೋಗುವುದಿಲ್ಲ. ಇದು ಹೋಗಿ ಕೆನ್ನೆಗೆ ಕಚ್ಚಿಸಿಕೊಂಡು ಬಂತು. ಗಾಯ ಸಾಸಿವೆ ಕಾಳಿನಷ್ಟೇ ಇತ್ತು. ಒಂದೇ ದಿನದಲ್ಲಿ ಒಣಗಿತು. ಮೂರನೇ ದಿನ ಕೆನ್ನೆ ಲಿಂಬೆಹಣ್ಣಿನಷ್ಟು ಊದಿತು, ಮೈ ಸುಡುತ್ತಿತ್ತು. ರಾತ್ರಿ ಹನ್ನೊಂದು ಗಂಟೆ. ಪಾಪ, ನೋವು ತಿನ್ನುತ್ತಿದೆ ಅಂತ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಗುಳಿಗೆ ಅರ್ಧ ಮುರಿದು ಹಾಲಿನಲ್ಲಿ ಕುಡಿಸಿದೆ. ಬೆಳಗಾಗುವುದರೊಳಗೆ ಮುಖ, ಪಾದ ಎಲ್ಲ ಊದಿ ನಾಲಿಗೆ ಕಂದುಬಣ್ಣಕ್ಕೆ ತಿರುಗಿತ್ತು. ಹತ್ತು ಗಂಟೆಗೆ ಹೋಯಿತು. ಹೆಗ್ಗಣ ಕೊಂದಿದ್ದು ಅಂತಲೇ ಎಲ್ಲರಿಗೂ ಹೇಳುತ್ತಾ ಬಂದೆ. ಅಲ್ಲ.

ದನದ ದವಾಖಾನೆ, ನಿವೃತ್ತ, ಬಾಗಲಕೋಟೆ

ತಮ್ಮಾ, ಹೇಳಿಕೊಂಡಿದ್ದು ಒಳ್ಳೆಯದು ಮಾಡಿದೆ. ನಿನ್ನಂಥವರನ್ನು ನನ್ನ ಸರ್ವಿಸಿನಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ. ಎಲ್ಲರೂ ಪ್ರೀತಿಯಿಂದಲೇ ಕೊಟ್ಟವರು. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಗೆ ಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆಂದರೂ ಸರಿ. ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ಅದಕ್ಕೇ ನಾಲಿಗೆ ಕಂದು. ಒಂದು ಗುಳಿಗೆ ಬೇಡ, ಅರ್ಧವೂ ಸಾಕು ಕೊಲ್ಲಲು.

ಕಚ್ಚಿದ ಗಾಯದ ಮಾತು: ಬೆಕ್ಕಿನ ಚರ್ಮ ಬೇಗ ಮುಚ್ಚಿಕೊಳ್ಳುತ್ತದೆ. ಹೊಲಸು ಒಳಗೇ ಉಳಿದು ಕೀವು ಕಟ್ಟುತ್ತದೆ. ಅದನ್ನು ಡಾಕ್ಟರ್ ಕೊಯ್ದು ತೊಳೆದು ಆಂಟಿಬಯೋಟಿಕ್ ಕೊಟ್ಟರೆ ಸಾಮಾನ್ಯವಾಗಿ ವಾರದಲ್ಲಿ ವಾಸಿ. ಅರಿಸಿನ ಮೆತ್ತಿ ಕೂತರೆ ವಾಸಿ ಆಗದು.

ನಿರ್ವಾಹಕಿ

ಒಂದು ವಿನಂತಿ. ಯಾರೂ ಇಲ್ಲಿ ಔಷಧದ ಪ್ರಮಾಣ ಕೇಳಬೇಡಿ, ಹೇಳಲೂ ಬೇಡಿ. ನಾಲ್ಕು ಜನ ನನಗೆ ಖಾಸಗಿಯಾಗಿ ವಿಟಮಿನ್ ಕೆ ಎಷ್ಟು ಹಾಕಬೇಕು ಅಂತ ಕೇಳಿದ್ದಾರೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ ಮಾರಾಯ್ರೆ.

ಕುಂದಾಪ್ರಿಯೆ, ಬೆಳಗಾವಿ

ಸಂದರ್ಭ ಅಲ್ಲ ಅಂತ ಗೊತ್ತು, ಆದರೂ ಕೇಳುತ್ತೇನೆ. ನನಗೀಗ ನಾಲ್ಕು ತಿಂಗಳು. ನಮ್ಮ ಬೆಕ್ಕೂ ಇಲಿ ಹಿಡಿಯುತ್ತದೆ. ಬೆಕ್ಕಿನಿಂದ ಹೊಟ್ಟೆಯಲ್ಲಿನ ಕೂಸಿಗೆ ಏನೋ ರೋಗ ಬರುತ್ತದೆ, ಈ ವಾರವೇ ಎಲ್ಲಾದರೂ ಬಿಟ್ಟು ಬನ್ನಿ ಅಂತ ತವರಿನಿಂದಲೂ ಅತ್ತೆ ಮನೆಯಿಂದಲೂ ಒಂದೇ ಮಾತು. ಏಳು ವರ್ಷದಿಂದ ಜೊತೆಗಿದೆ. ಬಿಡಲೇಬೇಕಾ?

ಮೂರನೇ ಗೇಟ್, ಬೆಳಗಾವಿ

ವೈನಿ, ಬಿಡಬೇಕಾಗಿಲ್ಲ. ನಾನು ಪ್ರಾಣಿಶಾಸ್ತ್ರ ಓದಿದವಳು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅವರು ಹೇಳುತ್ತಿರುವುದು ಟಾಕ್ಸೊಪ್ಲಾಸ್ಮಾ ಎಂಬ ಪರಜೀವಿಯ ಬಗ್ಗೆ. ಮೊದಲು ಕಂಡದ್ದು 1908ರಲ್ಲಿ, ಟ್ಯುನಿಸ್‌ನಲ್ಲಿ, ಇಲಿಯ ಜಾತಿಗೆ ಹತ್ತಿರದ ಒಂದು ದಂಶಕ ಪ್ರಾಣಿಯ ಮೈಯಲ್ಲಿ. ಇದು ಬೇರೆ ಪ್ರಾಣಿಗಳ ಮೈಯಲ್ಲೂ ಬದುಕುತ್ತದೆ. ಆದರೆ ಮೊಟ್ಟೆಯಂಥ ಕೋಶ ಕಟ್ಟುವುದು ಬೆಕ್ಕಿನ ಜಾತಿಯ ಕರುಳಿನಲ್ಲಿ ಮಾತ್ರ. ಹಾಗಾಗಿ ಅದಕ್ಕೆ ಇಲಿಯಿಂದ ಬೆಕ್ಕಿಗೆ ಹೋಗಲೇಬೇಕು. ಅದು ಮಾಡುವ ಕಿತಾಪತಿ ನೋಡಿ: ಈ ಸೋಂಕು ಇರುವ ಇಲಿಗಳಿಗೆ ಬೆಕ್ಕಿನ ವಾಸನೆಯ ಹೆದರಿಕೆಯೇ ಕಡಿಮೆ ಆಗುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಇಲಿ ತಾನಾಗಿ ಬಂದು ಸಿಕ್ಕಿಬೀಳುತ್ತದೆ. ನನಗೆ ಇದು ದೆವ್ವದ ಕಥೆಗಿಂತ ಭಯ ಹುಟ್ಟಿಸುತ್ತದೆ.

ಈಗ ನಿಮ್ಮ ವಿಷಯ. ಬೆಕ್ಕಿಗೆ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಆ ಕೋಶಗಳು ಬರುತ್ತವೆ. ಆಮೇಲೆ ಸಾಮಾನ್ಯವಾಗಿ ಇಲ್ಲ. ಏಳು ವರ್ಷ ಇಲಿ ತಿಂದ ಬೆಕ್ಕಿಗೆ ಅದು ಎಂದೋ ಬಂದು ಹೋಗಿರುವ ಸಾಧ್ಯತೆಯೇ ಜಾಸ್ತಿ. ಮಲದಲ್ಲಿ ಬಂದ ಕೋಶವೂ ಕೂಡಲೇ ಅಂಟುವುದಿಲ್ಲ. ಹೊರಗೆ ಒಂದರಿಂದ ಐದು ದಿನ ಇದ್ದ ಮೇಲೆ ಅಂಟುವ ಸ್ಥಿತಿಗೆ ಬರುತ್ತದೆ. ಹಾಗಾಗಿ ದಿನಾ ಬಳಿದು ತೆಗೆದರೆ ಅರ್ಧ ಗೆದ್ದಹಾಗೆ. ಆ ಕೆಲಸವನ್ನು ಇನ್ನೈದು ತಿಂಗಳು ಅಣ್ಣಾವ್ರಿಗೆ ಒಪ್ಪಿಸಿ, ಅವರೂ ಸ್ವಲ್ಪ ಕಲಿಯಲಿ. ಬೆಕ್ಕಿನ ಮೈ ಸವರಿದರೆ ಬರುವ ರೋಗವಲ್ಲ ಇದು. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ಗಜ್ಜರಿ, ಕೈದೋಟದ ಮಣ್ಣು, ಅವುಗಳ ಮೇಲೆ ಕಣ್ಣಿಡಿ. ಮಣ್ಣಿನ ಕೆಲಸಕ್ಕೆ ಕೈಗವಸು ಹಾಕಿಕೊಳ್ಳಿ. ನಿಮ್ಮ ಹೆರಿಗೆ ಡಾಕ್ಟರಿಗೆ ಮನೆಯಲ್ಲಿ ಬೆಕ್ಕಿದೆ ಅಂತ ಹೇಳಿ, ಬೇಕಾದರೆ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಕುಂದಾಪ್ರಿಯೆ, ಬೆಳಗಾವಿ

ಅಣ್ಣಾವ್ರಿಗೆ ಓದಿಸಿದೆ. ಮುಖ ಸಣ್ಣದಾಗಿದೆ.

ಹಗೇವು ಕಾಕಾ, ಸಿಂದಗಿ ತಾಲ್ಲೂಕು

ಇಲಿ ಅಂದರೆ ನಮ್ಮ ಅಜ್ಜಿಗೆ ನೆನಪಾಗುತ್ತಿದ್ದುದು ಪ್ಲೇಗು. 1896ರಲ್ಲಿ ಮುಂಬೈಗೆ ಬಂದ ಬೇನೆ ಆಮೇಲೆ ನಮ್ಮ ಸೀಮೆಗೂ ಬಂತು. ಮನೆಯಲ್ಲಿ ಸುಮ್ನೆ ಇಲಿ ಬಿತ್ತು ಅಂದರೆ ಅಡುಗೆ ಪಾತ್ರೆ ಎತ್ತಿಕೊಂಡು ಊರೇ ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿತ್ತಂತೆ. ಅಜ್ಜಿ ಕೊನೆಯವರೆಗೂ ಸತ್ತ ಇಲಿಯನ್ನು ಕೈಯಲ್ಲಿ ಮುಟ್ಟಲಿಲ್ಲ, ಇಕ್ಕಳದಲ್ಲೇ ಎತ್ತುತ್ತಿದ್ದಳು. ಬೆಕ್ಕಿಗೂ ಪ್ಲೇಗು ಬರುತ್ತದೆಯೇನು?

ದನದ ದವಾಖಾನೆ, ನಿವೃತ್ತ, ಬಾಗಲಕೋಟೆ

ಬರುತ್ತದೆ ಕಾಕಾ. ನಾಯಿಗಿಂತ ಬೆಕ್ಕಿಗೆ ಜೋರಾಗಿಯೇ ಬರುತ್ತದೆ. ಈಗ ನಮ್ಮಲ್ಲಿ ಆ ಹೆದರಿಕೆ ಬೇಡ. ಆದರೆ ಅಜ್ಜಿಯ ಇಕ್ಕಳ ಸರಿಯೇ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಅದರ ಮೇಲಿನ ಚಿಗಟ ಬೇರೆ ಬಿಸಿ ಮೈ ಹುಡುಕುತ್ತದೆ. ಹತ್ತಿರ ಇರುವುದು ಬೆಕ್ಕು, ಇಲ್ಲವೇ ನೀವು. ಇಲಿ ಜ್ವರ ಅಂತ ಇನ್ನೊಂದಿದೆ. ಅದು ಇಲಿಯ ಮೂತ್ರದಿಂದ ಬರುತ್ತದೆ, ಬೆಕ್ಕಿಗೆ ಅಷ್ಟಾಗಿ ಬಾಧಿಸುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಅಪಾಯ ಜಾಸ್ತಿ.

ಬೇಟೆ ಬೆಕ್ಕಿಗೆ ನಿತ್ಯದ ಕಾಟ ಎಂದರೆ ಹುಳ. ಇಲಿಯ ಯಕೃತ್ತಿನಲ್ಲಿ ಲಾಡಿ ಹುಳದ ಮರಿ ಗುಳ್ಳೆ ಕಟ್ಟಿಕೊಂಡು ಕೂತಿರುತ್ತದೆ. ಬೆಕ್ಕು ತಿಂದರೆ ಅದರ ಕರುಳಲ್ಲಿ ಬೆಳೆಯುತ್ತದೆ. ಬಾಲದ ಕೆಳಗೆ, ಹಾಸಿಗೆಯ ಮೇಲೆ ಅನ್ನದ ಅಗುಳಿನಂಥದ್ದು ಕಂಡರೆ ಅದೇ. ಮನೆಯಲ್ಲೇ ಇರುವ ಬೆಕ್ಕಿಗಿಂತ ಬೇಟೆಯಾಡುವ ಬೆಕ್ಕಿಗೆ ಹುಳದ ಔಷಧ ಪದೇ ಪದೇ ಬೇಕು. ಮೂರು ತಿಂಗಳಿಗೊಮ್ಮೆಯಾದರೂ ಕೊಡಿಸಿ. ಲಾಡಿ ಹುಳಕ್ಕೆ ಪ್ರಾಜಿಕ್ವಾಂಟೆಲ್ ಇರುವ ಔಷಧವೇ ಆಗಬೇಕು, ಅಂಗಡಿಯಲ್ಲಿ ಕೇಳಿ ನೋಡಿ ತೆಗೆದುಕೊಳ್ಳಿ.

ನವನಗರದವ, ಬಾಗಲಕೋಟೆ

ಊಟಕ್ಕೆ ಕೂತಿದ್ದೆ ಸರ್.

ಬಿಳಿಜೋಳ, ವಿಜಯಪುರ

ಪುಟ್ಟಿ ಕಣ್ಣು ಬಿಟ್ಟಿದ್ದಾಳೆ! ವಸಡಿಗೆ ಸ್ವಲ್ಪ ಬಣ್ಣ ಬಂದಿದೆ. ನಾಲ್ಕು ವಾರ ದಿನಾ ಗುಳಿಗೆ ಕೊಡಬೇಕಂತೆ. ಚೆನ್ನಾಗಿ ಕಾಣುತ್ತಾಳೆ ಅಂತ ನಡುವೆ ನಿಲ್ಲಿಸಿದರೆ ಮತ್ತೆ ರಕ್ತ ಸೋರುತ್ತದೆ, ವಿಷ ಅಷ್ಟು ದಿನ ಮೈಯಲ್ಲಿ ಉಳಿಯುತ್ತದೆ ಅಂದರು. ಕೊನೆಯ ಗುಳಿಗೆ ಆಗಿ ಎರಡು ಮೂರು ದಿನಕ್ಕೆ ಮತ್ತೆ ರಕ್ತ ಪರೀಕ್ಷೆ. ಅಲ್ಲಿಯವರೆಗೆ ಹೊರಗೆ ಬಿಡಬಾರದು. ಗುಳಿಗೆಯನ್ನು ಜಿಡ್ಡಿರುವ ಆಹಾರದ ಜೊತೆ ಕೊಟ್ಟರೆ ಮೈಗೆ ಹತ್ತುತ್ತದಂತೆ.

ಈಗ ಹೊಸ ಸಮಸ್ಯೆ. ನಮ್ಮದು ಮಡಿಯ ಮನೆ. ಮೊಟ್ಟೆಯೂ ಒಳಗೆ ಬರುವುದಿಲ್ಲ. ಇಷ್ಟು ವರ್ಷ ಪುಟ್ಟಿಗೆ ಹಾಲು ರೊಟ್ಟಿ, ತುಪ್ಪ ಅನ್ನ. ಮನೆಯೊಳಗೇ ಇಟ್ಟುಕೊಂಡು ಅದನ್ನೇ ಹಾಕಿದರೆ ನಡೆಯುತ್ತದಲ್ವಾ?

ಹಗೇವು ಕಾಕಾ, ಸಿಂದಗಿ ತಾಲ್ಲೂಕು

ಯಾಕೆ ನಡೆಯುವುದಿಲ್ಲ? ನಮ್ಮ ಬೆಕ್ಕುಗಳು ಹಾಲು ರೊಟ್ಟಿಯಲ್ಲೇ ಗುಂಡಗೆ ಬೆಳೆದವು.

ದನದ ದವಾಖಾನೆ, ನಿವೃತ್ತ, ಬಾಗಲಕೋಟೆ

ಕಾಕಾ, ಸಿಟ್ಟಾಗಬೇಡಿ. ನಿಮ್ಮ ಬೆಕ್ಕು ಬೆಳೆದದ್ದು ಇಲಿಯಿಂದ, ಹೆಸರು ಬಂದದ್ದು ರೊಟ್ಟಿಗೆ.

ಬೆಕ್ಕಿಗೆ ಟಾರಿನ್ ಎಂಬ ಸತ್ವ ಬೇಕೇ ಬೇಕು. ಅದು ಸಿಗುವುದು ಮಾಂಸದಲ್ಲಿ, ಮೀನಿನಲ್ಲಿ. ರೊಟ್ಟಿಯಲ್ಲಿ ಇಲ್ಲ, ಹಾಲಿನಲ್ಲಿ ಇರುವುದು ಸಾಲದು. ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲು ಬೆಕ್ಕಿಗೆ ಬರುವುದಿಲ್ಲ. ತಿಂಗಳುಗಟ್ಟಲೆ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ನಮ್ಮ ಕಡೆಯ ಎಷ್ಟೋ ಶಾಕಾಹಾರಿ ಮನೆಗಳ ಬೆಕ್ಕುಗಳನ್ನು ಇಷ್ಟು ದಿನ ಕಾಪಾಡಿದ್ದು ಇಲಿಗಳೇ. ಹಾಗಾಗಿ ಬೇಟೆ ನಿಲ್ಲಿಸಿದಿರಿ ಅಂದರೆ ಅದರ ಬದಲಿಗೆ ಏನಾದರೂ ಕೊಡಲೇಬೇಕು. ಬೆಕ್ಕಿಗೆಂದೇ ಮಾಡಿದ ಪ್ಯಾಕೆಟ್ ಆಹಾರದಲ್ಲಿ ಟಾರಿನ್ ಸೇರಿಸಿರುತ್ತಾರೆ. ನಾಯಿಯದ್ದು ತಂದು ಹಾಕಬೇಡಿ.

ಮೂರನೇ ಗೇಟ್, ಬೆಳಗಾವಿ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. 355 ಬೆಕ್ಕುಗಳನ್ನು ನೋಡಿದ್ದರು. ಮಾಂಸದ ಪ್ರೋಟೀನು ಹೆಚ್ಚಿರುವ ಆಹಾರ ಕೊಟ್ಟ ಮನೆಗಳಲ್ಲಿ ಬೆಕ್ಕು ಹಿಡಿದು ತರುವ ಬೇಟೆ ಶೇ. 36 ಕಡಿಮೆ ಆಯಿತು. ದಿನಾ ಐದು ಹತ್ತು ನಿಮಿಷ ಬೆಕ್ಕಿನ ಜೊತೆ ಆಡಿದ ಮನೆಗಳಲ್ಲಿ ಶೇ. 25 ಕಡಿಮೆ. ನಾನು ದಾರಕ್ಕೆ ಗರಿ ಕಟ್ಟಿ ಆಡಿಸುತ್ತೇನೆ. ಕೊರಳಿಗೆ ಗೆಜ್ಜೆಯನ್ನೂ ಕಟ್ಟಿದ್ದೆ. ಎರಡೇ ದಿನದಲ್ಲಿ ಗೆಜ್ಜೆ ಸದ್ದಾಗದಂತೆ ನಡೆಯುವುದನ್ನು ಕಲಿತಿದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಕೇಳುತ್ತಾರಲ್ಲ, ಕಟ್ಟಿದರೂ ಉಪಯೋಗ ಇಲ್ಲ!

ಗೊಬ್ಬರದಂಗಡಿ, ಜಮಖಂಡಿ

ಬೆಕ್ಕು ಒಳಗೆ ಕೂತರೆ ಇಲಿ ಸುಮ್ಮನಿರುವುದಿಲ್ಲ. ಜೋಳದ ಚೀಲ ನೆಲಕ್ಕೆ ತಾಗಿಸಿ, ಗೋಡೆಗೆ ಒರಗಿಸಿ ಒಟ್ಟಬೇಡಿ. ಹಲಗೆ ಹಾಕಿ, ಸುತ್ತ ಒಂದು ಮೊಳ ಜಾಗ ಬಿಡಿ. ಮನೆಬಳಕೆಯಷ್ಟನ್ನು ತಗಡಿನ ಡ್ರಮ್ಮಿಗೆ ತುಂಬಿ. ಅರ್ಧ ಇಂಚು ಸಂದಿ ಇದ್ದರೆ ಇಲಿ ನುಗ್ಗುತ್ತದೆ, ಮರಿ ಅದಕ್ಕಿಂತ ಸಣ್ಣದರಲ್ಲೂ. ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಬೋನು ಇಡಿ. ಅಂಟಿನ ಹಲಗೆ ಮಾತ್ರ ಬೇಡ. ನಮ್ಮ ಓಣಿಯ ಬೆಕ್ಕಿನ ಮರಿಯೇ ಅದರಲ್ಲಿ ಸಿಕ್ಕಿಬಿದ್ದಿತ್ತು. ಅಡುಗೆ ಎಣ್ಣೆ ಸವರಿ ಸವರಿ ಬಿಡಿಸಬೇಕಾಯಿತು. ಸೀಮೆಎಣ್ಣೆ ಹಾಕಲು ಹೊರಟಿದ್ದರು, ಅದು ಬೆಕ್ಕಿಗೆ ವಿಷವೇ.

ವಿಷ ಇಡಲೇಬೇಕು ಅನ್ನುವವರು ಮುಚ್ಚಿದ ಪೆಟ್ಟಿಗೆಯಲ್ಲಿ ಇಡಿ. ದಿನಾ ಬೆಳಿಗ್ಗೆ ಸತ್ತ ಇಲಿ ಹುಡುಕಿ ಆಳವಾಗಿ ಹುಗಿಯಿರಿ. ಮತ್ತೆ ಓಣಿಯ ನಾಲ್ಕು ಮನೆಗೆ ಹೇಳಿ. ನಾನು ಈ ಚರ್ಚೆ ಓದಿದ ಮೇಲೆ ಕೇಕ್ ಕೊಡುವಾಗ ಓಣಿಯಲ್ಲಿ ಬೆಕ್ಕಿದೆಯಾ ಅಂತ ಕೇಳಲು ಶುರು ಮಾಡಿದ್ದೇನೆ. ಇಬ್ಬರು ಬೋನು ತೆಗೆದುಕೊಂಡು ಹೋದರು. ಒಬ್ಬರು ನಿನಗೇನು ಮಾಡುವುದಿದೆ ಅಂದರು.

ಬಿಳಿಜೋಳ, ವಿಜಯಪುರ

ಐದು ವಾರ ಆಯಿತು, ತಡವಾಗಿ ತಿಳಿಸುತ್ತಿದ್ದೇನೆ. ಮೊನ್ನೆ ರಕ್ತ ಪರೀಕ್ಷೆ ಆಯಿತು. ಈ ಸಲ ಬೇಗ ಹೆಪ್ಪುಗಟ್ಟಿತು. ಪಕ್ಕದವರ ಮೇಲೆ ಸಿಟ್ಟು ಇತ್ತು, ಜಗಳ ಆಡಲೆಂದೇ ಹೋಗಿದ್ದೆ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಇಲಿ ತಿಂದರೂ ವಿಷ ಆಗುತ್ತದಾ ಅಂತ ನನ್ನನ್ನೇ ಕೇಳಿದರು, ಐದು ವಾರದ ಹಿಂದೆ ನಾನು ನಿಮ್ಮನ್ನು ಕೇಳಿದ ಹಾಗೆಯೇ. ಈಗ ಗೋದಾಮಿನಲ್ಲಿ ಬೋನು ಇದೆ. ದಿನಾ ಸಂಜೆ ಎಷ್ಟು ಬಿದ್ದವು ಅಂತ ಗೋಡೆ ಮೇಲಿಂದ ಲೆಕ್ಕ ಹೇಳುತ್ತಾರೆ.

ಪ್ಯಾಕೆಟ್ ಆಹಾರಕ್ಕೆ ಅತ್ತೆ ಒಪ್ಪಿದ್ದಾರೆ. ಹಿತ್ತಲ ಕಟ್ಟೆಯ ಮೇಲೆ ಅದಕ್ಕೆ ಬೇರೆ ತಾಟು, ಬೇರೆ ಚಮಚ. ಅಡುಗೆ ಮನೆಯ ಹೊಸ್ತಿಲು ದಾಟುವಂತಿಲ್ಲ. ಆದರೆ ನಾನು ಊರಿನಲ್ಲಿ ಇಲ್ಲದ ದಿನ ಅವರೇ ಮೂಗು ಮುಚ್ಚಿಕೊಂಡು ಹಾಕಿದ್ದಾರೆ ಅಂತ ನಮ್ಮ ಮನೆಯವರು ಹೇಳಿದರು.

ಇವತ್ತು ಬೆಳಿಗ್ಗೆ ದೇವರ ಕೋಣೆಯ ಹೊಸ್ತಿಲಲ್ಲಿ ಅರ್ಧ ಹಲ್ಲಿ ಇತ್ತು. ಸರ್, ಹಲ್ಲಿಗೆ ಬೇರೆ ಚರ್ಚೆ ಶುರು ಮಾಡಲಾ, ಇಲ್ಲೇ ಕೇಳಲಾ?